ಸ್ಕ್ಯಾನಿಂಗ್‌ಗೆ ಹೋದಾಗ ಎದ್ದ ಬದನೆಕಾಯಿ ವಿಚಾರ

ನನಗೆ ಪ್ರಶ್ನೆ ಕೇಳುವ ಚಾಳಿ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದ ಮೇಲೂ ಅದು ಬಿಟ್ಟಿಲ್ಲ. ಗ್ಯಾಸ್ ಸಿಲಿಂಡರ್ ತಂದವನನ್ನು ಕೂಡ ನಿಲ್ಲಿಸಿಕೊಂಡು, ಈ ರೆಗ್ಯುಲೇಟರ್ ಒಳಗೆ ಏನಪ್ಪಾ ಇರುತ್ತೆ ಎಂದು ಕೇಳಿಯೇ ಕಳಿಸುವವಳು ನಾನು. ಅಮ್ಮ ನನಗೆ ಇಟ್ಟಿರುವ ಹೆಸರು ಪ್ರಶ್ನಾಪತ್ರಿಕೆ. "ಎದ್ದಳೇನೋ ನಮ್ಮ ಪ್ರಶ್ನಾಪತ್ರಿಕೆ" ಎಂದು ಗೋಡೆಗೆ ಹೇಳಿಕೊಂಡೇ ದಿನಾ ಬೆಳಗ್ಗೆ ಡಿಕಾಕ್ಷನ್ ಇಳಿಸುತ್ತಾಳೆ. ಎಂಬತ್ತರ ಹತ್ತಿರ ಬಂದರೂ ಅವಳ ಕೈಯ ಕಾಫಿ ಕೆಟ್ಟಿಲ್ಲ, ನಾಲಿಗೆಯ ಹರಿತವೂ ತಗ್ಗಿಲ್ಲ. ಒಂಟಿಕೊಪ್ಪಲಿನ ಮನೆಯಲ್ಲಿ ನಾವಿಬ್ಬರೇ ಇರುವುದು. ಆದರೂ ಪಕ್ಕದ ಮನೆಯವರಿಗೆ ನಮ್ಮಲ್ಲಿ ಸದಾ ನೆಂಟರು ಬಂದ ಹಾಗೆ ಕೇಳಿಸುತ್ತದಂತೆ.

ಹೋದ ವರ್ಷ ಅಮ್ಮನಿಗೆ ಪಕ್ಕೆಯಲ್ಲಿ ನೋವು ಬಂತು. ವಾಯು ಎಂದು ಓಮದ ಕಷಾಯ ಕುಡಿದಳು, ಬಿಸಿನೀರಿನ ಶಾಖ ಕೊಟ್ಟುಕೊಂಡಳು, ಕೊನೆಗೆ ನನ್ನ ಕಾಟಕ್ಕೆ ಡಾಕ್ಟರ ಹತ್ತಿರ ಬಂದಳು. ಅವರು ಹೊಟ್ಟೆಗೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಮಾಡಿಸಿದರು. ಬಲಗಡೆ ಕಿಡ್ನಿಯಲ್ಲಿ ಏನೋ ಒಂದು ನೆರಳು ಕಂಡಿತು.

"ನೆರಳು ಅಂದ್ರೆ ಗಡ್ಡೆನಾ ಡಾಕ್ಟ್ರೇ?" ಎಂದು ಕೇಳಿದೆ.

"ಇರಬಹುದು, ಇಲ್ಲದೆಯೂ ಇರಬಹುದು. ಬರೀ ನೀರುಗುಳ್ಳೆ ಆಗಿದ್ರೂ ಆಗಿರಬಹುದು. ಇದರಲ್ಲಿ ಅಷ್ಟು ಸ್ಪಷ್ಟವಾಗಿ ಗೊತ್ತಾಗ್ತಿಲ್ಲ. ಡೈ ಕೊಟ್ಟು ಒಂದು ಸಿ.ಟಿ. ಸ್ಕ್ಯಾನ್ ಮಾಡಿಸೋಣ, ಅದಕ್ಕೆ ಮುಂಚೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ರಕ್ತ ಪರೀಕ್ಷೆ" ಎಂದರು.

ಡೈ ಎಂದರೇನು, ಅದು ಮೈಯೊಳಗೆ ಏನು ಮಾಡುತ್ತದೆ, ಆಮೇಲೆ ಎಲ್ಲಿ ಹೋಗುತ್ತದೆ? ಎಲ್ಲವನ್ನೂ ಕೇಳಿದೆ. ಪುಣ್ಯಾತ್ಮರು ಬೇಸರಿಸದೆ ಹೇಳಿದರು. ಅದು ರಕ್ತದಲ್ಲಿ ಸೇರಿ ಮೈಯೊಳಗಿನ ಭಾಗಗಳನ್ನು ಎದ್ದು ಕಾಣಿಸುತ್ತದೆ. ಗಡ್ಡೆಗೆ ರಕ್ತ ಹರಿಯುತ್ತದೆ, ನೀರುಗುಳ್ಳೆಗೆ ಹರಿಯುವುದಿಲ್ಲ, ಆ ವ್ಯತ್ಯಾಸ ನೋಡಿಯೇ ಇದು ಯಾವುದು ಎಂದು ಹೇಳುತ್ತಾರೆ. ಆಮೇಲೆ ಕಿಡ್ನಿಯ ಮೂಲಕವೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕಿಡ್ನಿ ಸೋತಿದ್ದರೆ ಕೊಡುವ ಮುಂಚೆ ಯೋಚಿಸಬೇಕು, ಅದಕ್ಕೇ ರಕ್ತ ಪರೀಕ್ಷೆ. ನನಗೆ ಬಹಳ ರುಚಿಸಿತು ಈ ತರ್ಕ. ಅಮ್ಮ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು.

ಮನೆಗೆ ಬಂದೆವು. ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಬಂದವಳು ಹೇಳಿದಳು: "ನೋಡು, ಅದೇ ಕಾಯಿಲೆ ಆಗಿದ್ರೆ ಬಂದ ತಕ್ಷಣ ನನ್ನ ಮುಂದೆ ಊದಬೇಡ. ಒಂದು ಊಟ ನೆಮ್ಮದಿಯಾಗಿ ಮಾಡಿರ್ತೀನಿ, ಆಮೇಲೆ ಹೇಳು. ಕೇಳಿದ ಮೇಲೆ ಅನ್ನ ಒಳಗೆ ಇಳಿಯುತ್ತೋ ಇಲ್ವೋ ಯಾರಿಗೆ ಗೊತ್ತು."

ನಾನು ಬೈದೆ. ಏನೇನೋ ಅನಿಷ್ಟ ಮಾತಾಡಬೇಡ ಎಂದೆ. ಬೈದು ಒಳಗೆ ಹೋಗಿ ಆ ಸ್ಕ್ಯಾನಿಂಗ್ ಚೀಟಿಯನ್ನೇ ಮತ್ತೆ ಮತ್ತೆ ಓದಿದೆ.

ವಿಷಯ ಹೇಗೋ ಜಯಲಕ್ಷ್ಮಿಪುರಂ ತಲುಪಿತು. ಅಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ನಮ್ಮ ತಂದೆಯ ಅಣ್ಣನ ಹೆಂಡತಿ, ಅಮ್ಮನಿಗೆ ಓರಗಿತ್ತಿ. ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಕಾಲದಿಂದ ದೇವರಾಜ ಮೊಹಲ್ಲಾದ ಹಳೇ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಇದ್ದವರು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಬೇರೆಯಾದೆವು. ಅಪ್ಪ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ಓರಗಿತ್ತಿಯರು ಮಾತ್ರ ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ಬಂದು ಮಾಡುತ್ತಾರೆ, ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ. ಒಂದೇ ಒಂದು ವಿಚಿತ್ರ. ಅಮ್ಮ ಆ ಮನೆಯಲ್ಲಿ ಕಾಫಿ ಕುಡಿಯುತ್ತಾಳೆ, ಹಣ್ಣು ತಿನ್ನುತ್ತಾಳೆ, ಊಟಕ್ಕೆ ಕೂರುವುದಿಲ್ಲ. ಎಲೆ ಹಾಕಿದ ಕೂಡಲೇ "ಇವತ್ತು ನಂದು ಒಪ್ಪತ್ತು" ಎಂದು ಬಿಡುತ್ತಾಳೆ. "ನಿಮ್ಮಮ್ಮನ ಒಪ್ಪತ್ತು ನಮ್ಮನೆ ಹೊಸಿಲು ದಾಟಿದ ತಕ್ಷಣ ಶುರುವಾಗುತ್ತೆ ನೋಡು" ಎಂದು ದೊಡ್ಡಮ್ಮ ನಗುತ್ತಾರೆ. ಆ ನಗುವಿನಲ್ಲಿ ನಗು ಕಡಿಮೆ.

ಕಾರಣ ಮನೆಮಂದಿಗೆಲ್ಲಾ ಗೊತ್ತಿದ್ದದ್ದೇ. ಹಳೇ ಮನೆಯಲ್ಲಿದ್ದಾಗ ಒಂದು ದಿನ ದೊಡ್ಡಮ್ಮ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಅದನ್ನು ತಿಂದು ಅಮ್ಮನಿಗೆ ಮೈಯೆಲ್ಲಾ ದದ್ದು ಎದ್ದು, ಮುಖ ಊದಿಕೊಂಡು, ಉಸಿರು ಎಳೆಯುವುದಕ್ಕೇ ಆಗದೆ, ಬೀದಿ ಕೊನೆಯ ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟು ಉಳಿಸಿದರು. ಊದಿದ ಆ ಮುಖ ನನಗೂ ಮಸುಕಾಗಿ ನೆನಪಿದೆ. ನನ್ನಮ್ಮ ಅಲ್ಲ ಎಂದು ಹೆದರಿ ಕಂಬದ ಹಿಂದೆ ನಿಂತಿದ್ದೆ. ಬದನೆಕಾಯಿ ನಂಜು ಎನ್ನುವುದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗಾಯವಾದವರಿಗೆ ಕೊಡುವುದಿಲ್ಲ, ಕಜ್ಜಿ ಆದವರಿಗೆ ಕೊಡುವುದಿಲ್ಲ. ಅಜ್ಜಿ ತೀರ್ಪು ಕೊಟ್ಟೇಬಿಟ್ಟರು: "ಹಿರೀಸೊಸೆ ನೋಡಿ ಮಾಡ್ಬೇಕಾಗಿತ್ತು. ಹುಳುಕು ಕಾಯಿ ಹಾಕಿದ್ದಾಳೆ." ಆ ಮಾತು ಮನೆಯಲ್ಲಿ ನಿಂತುಹೋಯಿತು. ಅಂದಿನಿಂದ ನಮ್ಮ ಮನೆಗೆ ಬದನೆಕಾಯಿ ಬರಲಿಲ್ಲ. ಮೈಸೂರಿನಲ್ಲಿದ್ದುಕೊಂಡು ಕ್ಯಾಪ್ಸಿಕಂ ಹಾಕಿದ್ದಕ್ಕೆ ವಾಂಗಿಬಾತ್ ಎಂದು ಹೆಸರಿಟ್ಟು ತಿಂದವರು ನಾವು!

ರಕ್ತ ಪರೀಕ್ಷೆ ಸರಿಯಾಗೇ ಬಂತು. ಸ್ಕ್ಯಾನಿಂಗ್ ದಿನ ಬೆಳಗ್ಗೆ ನಾವಿನ್ನೂ ಬಾಗಿಲು ಹಾಕುತ್ತಿದ್ದೇವೆ, ದೊಡ್ಡಮ್ಮ ಆಟೋದಲ್ಲಿ ಬಂದು ಇಳಿದರು. ಕೈಯಲ್ಲಿ ಫ್ಲಾಸ್ಕು, ಹೆಗಲಿಗೆ ಚೀಲ, ಮೊಣಕಾಲಿಗೆ ಪಟ್ಟಿ.

"ನೀವ್ಯಾಕೆ ಬರಕ್ಕೆ ಹೋದ್ರಿ ಅಕ್ಕ, ಈ ವಯಸ್ಸಲ್ಲಿ" ಎಂದಳು ಅಮ್ಮ.

"ಸುಮ್ನಿರೇ. ಅವತ್ತೂ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನೇ, ಇವತ್ತೂ ನಾನೇ ಬರ್ತೀನಿ" ಎಂದು ದೊಡ್ಡಮ್ಮ ಅದೇ ಆಟೋದಲ್ಲಿ ನಮ್ಮನ್ನೂ ತುಂಬಿಕೊಂಡರು.

ಯಾವತ್ತು ಎಂದು ಕೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಡ್ರೈವರ್, "ಎಲ್ಲಿಗ್ ಬುಡ್ಲಿ ಮೇಡಂ, ಮುಂದ್ಗಡೆ ಗೇಟ್‌ಗಾ, ಇಂದ್ಗಡೆ ಗೇಟ್‌ಗಾ?" ಎಂದ. ದಾರಿ ಹೇಳುವ ಗಡಿಬಿಡಿಯಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲ ಬೈಗುಳ ಅಮ್ಮನಿಗೇ ಬಿತ್ತು. ಊಟ ತಿಂಡಿ ಬೇಡ, ನೀರು ಕುಡಿಯಬಹುದು ಎಂದು ಫೋನಿನಲ್ಲಿ ಹೇಳಿದ್ದರು. ಅಮ್ಮ ಏಕಾದಶಿಯ ಲೆಕ್ಕ ಹಿಡಿದು ತೊಟ್ಟು ನೀರೂ ಕುಡಿಯದೆ ಬಂದಿದ್ದಳು. "ಅಯ್ಯೋ ಅಜ್ಜಿ, ನೀರು ಕುಡೀಬೇಕು ಕಣ್ರೀ. ಮೈ ಒಣಗಿದ್ರೆ ಕಿಡ್ನಿಗೆ ಕಷ್ಟ, ಕೈಲಿ ನರಾನೂ ಸಿಗಲ್ಲ" ಎಂದು ನರ್ಸ್ ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟಳು. ಬಿ.ಪಿ. ಮಾತ್ರೆಯನ್ನಾದರೂ ನುಂಗಿದ್ದೀರಾ ಎಂದು ಕೇಳಿದಳು. ಅದನ್ನು ಮಾತ್ರ ನಾನು ಬಲವಂತವಾಗಿ ನುಂಗಿಸಿದ್ದೆ. ಪಕ್ಕದಲ್ಲಿ ಕೂತಿದ್ದ ಸಕ್ಕರೆ ಕಾಯಿಲೆಯವರೊಬ್ಬರಿಗೆ, ನೀವು ತಗೊಳ್ಳೋ ಮಾತ್ರೆ ಯಾವುದು ತೋರಿಸಿ, ಕೆಲವನ್ನ ನಿಲ್ಲಿಸ್ಬೇಕಾಗಬಹುದು, ಡಾಕ್ಟರ್‌ನ ಕೇಳ್ತೀನಿ ಎಂದಳು. ನಾನು ಮೈಯೆಲ್ಲಾ ಕಿವಿಯಾಗಿ ಕೂತಿದ್ದೆ.

ಅರ್ಧ ತೆರೆದ ಬಾಗಿಲಿನಿಂದ ಒಳಗೆ ಇಣುಕಿದೆ. ಸುರಂಗದಂಥ ಯಂತ್ರವನ್ನು ನಿರೀಕ್ಷಿಸಿದ್ದೆ. ಅದು ಎಂ.ಆರ್.ಐ. ಅಂತೆ. ಇದು ಆಳೆತ್ತರದ ಒಂದು ಕೋಡುಬಳೆ, ಅಷ್ಟೇ. ಅದರ ನಡುವೆ ಹಲಗೆಯಂಥ ಮಂಚ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಟೆಕ್ನೀಷಿಯನ್ ಹೊರಗೆ ಬಂದಾಗ ಹಿಡಿದುಕೊಂಡೆ.

"ಇದೂ ಎಕ್ಸ್‌ರೇನೇ ಅಲ್ವಾ?"

"ಹೌದು ಮೇಡಂ, ಸುತ್ತ ತಿರುಗಿಕೊಂಡು ತೆಗೆಯೋ ಎಕ್ಸ್‌ರೇ. ಸೌತೆಕಾಯಿ ಬಿಲ್ಲೆ ಹೆಚ್ಚಿದ ಹಾಗೆ ಒಂದೊಂದು ಪದರಾನೂ ಕಾಣಿಸುತ್ತೆ."

"ಹಾಗಾದ್ರೆ ವಿಕಿರಣ ಜಾಸ್ತಿ ಆಗಲ್ವಾ?"

"ಮಾಮೂಲಿ ಎಕ್ಸ್‌ರೇಗಿಂತ ಜಾಸ್ತೀನೇ. ಅದಕ್ಕೇ ಡಾಕ್ಟ್ರು ಬೇಕು ಅಂದ್ರೆ ಮಾತ್ರ ಮಾಡ್ತೀವಿ. ಗರ್ಭಿಣಿ ಆಗಿರಬಹುದಾ ಅಂತ ಹೆಂಗಸರನ್ನ ಕೇಳ್ತೀವಿ. ನಿಮ್ಮ ತಾಯಿಯವರನ್ನ ಕೇಳಲ್ಲ ಬಿಡಿ."

"ಕೇಳಪ್ಪ, ಕೇಳು! ಯಾಕೆ ಬಿಡ್ತೀಯ?" ಎಂದಳು ಅಮ್ಮ ಕೂತಲ್ಲಿಂದಲೇ. ಕಾಯುತ್ತಿದ್ದವರೆಲ್ಲಾ ನಕ್ಕರು. ಭಯವಾದಾಗಲೇ ಅವಳು ಹೀಗೆ ತಮಾಷೆ ಮಾಡುವುದು, ಅದು ನನಗೆ ಗೊತ್ತು.

ಆಮೇಲೆ ನರ್ಸ್ ಬಂದು ನಮ್ಮ ಎದುರು ಸ್ಟೂಲ್ ಎಳೆದುಕೊಂಡು ಕೂತಳು. ಇಂಜೆಕ್ಷನ್‌ಗೆ ಮುಂಚೆ ಎಲ್ಲರನ್ನೂ ಕೇಳುವ ಪ್ರಶ್ನೆಗಳು. ಪ್ರಶ್ನೆ ಎಂದರೆ ನನಗೆ ಹಬ್ಬ; ಇದು ನನಗಲ್ಲ ಎಂದು ಕಷ್ಟಪಟ್ಟು ಸುಮ್ಮನಿದ್ದೆ. ಆಸ್ತಮಾ ಇದೆಯಾ? ಇಲ್ಲ. ಹೃದಯದ ತೊಂದರೆ? ಇಲ್ಲ. ಥೈರಾಯ್ಡ್? ಇಲ್ಲ.

"ಈ ಥರ ಸ್ಕ್ಯಾನ್ ಮುಂಚೆ ಯಾವತ್ತಾದ್ರೂ ಮಾಡಿಸಿದ್ರಾ?"

"ಇಲ್ಲಮ್ಮ, ಇದೇ ಮೊದಲು."

"ಏನಾದ್ರೂ ಅಲರ್ಜಿ ಇದೆಯಾ ಅಜ್ಜಿ?"

"ಇದೆ" ಎಂದಳು ಅಮ್ಮ, ಬೆನ್ನು ನೆಟ್ಟಗೆ ಮಾಡಿಕೊಂಡು. "ಬದನೆಕಾಯಿ."

ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದವರು ನಿಲ್ಲಿಸಿದರು. ಮುಖ ಕೆಂಪಗಾಯಿತು. "ಇನ್ನೂ ಅದನ್ನ ಬಿಟ್ಟಿಲ್ವೇನೇ ನೀನು? ಇಲ್ಲಿಗೂ ತಂದ್ಯಾ?"

"ಕೇಳಿದ್ರು, ಹೇಳ್ದೆ ಅಕ್ಕ. ಡಾಕ್ಟರ ಮುಂದೆ ಸುಳ್ಳು ಹೇಳಕ್ಕಾಗುತ್ತಾ?"

ನರ್ಸ್ ಪಾಪ ಇಬ್ಬರ ಮುಖವನ್ನೂ ನೋಡಿದಳು. "ಬದನೆಕಾಯಿಗೂ ಇದಕ್ಕೂ ಸಂಬಂಧ ಇಲ್ಲ ಅಜ್ಜಿ, ಪರವಾಗಿಲ್ಲ" ಎಂದು ಮುಂದೆ ಹೇಳತೊಡಗಿದಳು. "ಇಂಜೆಕ್ಷನ್ ಹೋಗುವಾಗ ಗಂಟಲು ಬಿಸಿಯಾಗುತ್ತೆ, ಬಾಯಲ್ಲಿ ಒಂಥರಾ ಕಬ್ಬಿಣದ ರುಚಿ, ಕೆಳಗಡೆ ಬಟ್ಟೆ ಒದ್ದೆಯಾದ ಹಾಗೆ ಅನ್ನಿಸುತ್ತೆ. ನಿಜವಾಗ್ಲೂ ಆಗಿರಲ್ಲ, ಗಾಬರಿ ಬೇಡ, ನಿಮಿಷದಲ್ಲಿ ಹೋಗುತ್ತೆ. ಆದ್ರೆ ಮೈ ಕೆರೆತ, ದದ್ದು, ಮುಖ ಊದಿಕೊಳ್ಳೋದು, ಉಸಿರು ಕಟ್ಟಿದ ಹಾಗೆ ಆಗೋದು, ಇದೇನಾದ್ರೂ ಆದ್ರೆ ತಕ್ಷಣ ಕೂಗಿ. ತಡೀಬಾರದು."

"ಅದೇ ಎಲ್ಲಾ ಆಗಿದ್ದು ನಂಗೆ, ಎಣ್ಣೆಗಾಯಿ ತಿಂದು" ಎಂದಳು ಅಮ್ಮ.

"ತಿಂದು ಅಲ್ಲ ಕಣೇ!" ದೊಡ್ಡಮ್ಮನ ಧ್ವನಿ ಕೋಣೆಯ ತುಂಬ ಹರಡಿತು. "ತಿನ್ನೋಕೆ ಮುಂಚೇನೇ! ಜಟಕಾದಲ್ಲಿ ಬರೋವಾಗ್ಲೇ ಪರಪರ ಕತ್ತು ಕೆರ್ಕೋತಿದ್ದೆ. ಹುಲ್ಲು ಚುಚ್ಚುತ್ತೇನೋ ಅಂತ ನಾನೇ ಹಾಸಿದ ಗೋಣಿ ಕೊಡವಿದ್ದೆ. ಅವತ್ತೇ ಬಡ್ಕೊಂಡೆ, ಯಾರು ಕೇಳಿದ್ರು? ತಪ್ಪು ಮುಚ್ಕೊಳ್ಳಕ್ಕೆ ಹೇಳ್ತಾಳೆ ಅಂದ್ರು ಅತ್ತೆ."

ಇನ್ನು ನನ್ನನ್ನು ತಡೆಯುವವರಿರಲಿಲ್ಲ. "ಜಟಕಾ ಯಾಕೆ ದೊಡ್ಡಮ್ಮ? ಎಲ್ಲಿಂದ ಬರ್ತಿದ್ರಿ?"

"ಆಸ್ಪತ್ರೆಯಿಂದ. ಇನ್ನೆಲ್ಲಿಂದ? ಇವಳಿಗೆ ಕಿಡ್ನಿ ಕಲ್ಲು ಅಂತ ಎಕ್ಸ್‌ರೇಗೆ ಬರೆದಿದ್ರು. ನಿಮ್ಮಪ್ಪಂಗೆ ರಜ ಸಿಗಲಿಲ್ಲ. ಬೆಳಗ್ಗೇನೇ ಎದ್ದು ಎಣ್ಣೆಗಾಯಿ ಮಾಡಿಟ್ಟು ನಾನು ಕರ್ಕೊಂಡು ಹೋದೆ."

"ಬರೀ ಎಕ್ಸ್‌ರೇನಾ? ಇಂಜೆಕ್ಷನ್ ಕೊಟ್ರಾ?"

ಉತ್ತರ ಕೊಟ್ಟವಳು ಅಮ್ಮ. ನಿಧಾನವಾಗಿ, ಬಾವಿಯಿಂದ ಕೊಡ ಎಳೆಯುವ ಹಾಗೆ. "ಕೊಟ್ರು. ಕೈಗೆ ದೊಡ್ಡದು. ಕೊಟ್ಟು, ಮಲಗಿಸಿ, ಬಿಟ್ಟು ಬಿಟ್ಟು ಫೋಟೋ ತೆಗೆದ್ರು. ಆವಾಗ ಗಂಟಲೆಲ್ಲಾ ಬಿಸಿಯಾಗಿತ್ತು... ಬಟ್ಟೆ ಒದ್ದೆಯಾಯ್ತು ಅಂತ ನಾಚಿಕೆಯಾಗಿ ಯಾರ ಹತ್ರಾನೂ ಹೇಳಲಿಲ್ಲ."

ನರ್ಸ್ ಎದ್ದು ನಿಂತಳು. ಅವಳ ಮುಖದಲ್ಲಿದ್ದ ನಗು ಹೋಗಿತ್ತು. "ಒಂದು ನಿಮಿಷ ಇರಿ ಅಜ್ಜಿ. ಡಾಕ್ಟರ್‌ನ ಕರೀತೀನಿ."

ನನಗೆ ಆಗ ಹೊಳೆಯಿತು. ದೊಡ್ಡಮ್ಮ ಬರದೇ ಹೋಗಿದ್ದರೆ? ಅಮ್ಮ ಬದನೆಕಾಯಿ ಎಂದಾಗ ಅವರು ಸಿಟ್ಟಾಗದೇ ಹೋಗಿದ್ದರೆ? ಪ್ರಶ್ನೆ ಕೇಳುವುದೇ ಕಸುಬು ಮಾಡಿಕೊಂಡಿದ್ದ ನನಗೆ ನಮ್ಮ ಮನೆಯ ಬದನೆಕಾಯಿಯ ಬಗ್ಗೆ ಒಂದು ಪ್ರಶ್ನೆಯೂ ಎಂದೂ ಹುಟ್ಟಿರಲಿಲ್ಲ. ಎಲ್ಲರಿಗೂ ಗೊತ್ತು ಎಂದ ಮೇಲೆ ಯಾರು ಕೇಳುತ್ತಾರೆ?

ಸ್ಕ್ಯಾನಿಂಗ್ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಅಮ್ಮನ ಪಕ್ಕದಲ್ಲೇ ಕೂತು ಎಲ್ಲವನ್ನೂ ಮೊದಲಿನಿಂದ ಕೇಳಿದಳು. ಎಕ್ಸ್‌ರೇ ಮಾಡಿದ ಎಷ್ಟು ಹೊತ್ತಿಗೆ ಕೆರೆತ ಶುರುವಾಯಿತು, ಉಸಿರು ಯಾವಾಗ ಕಟ್ಟಿತು, ಅದಕ್ಕೆ ಮುಂಚೆ ಬದನೆಕಾಯಿ ತಿಂದಾಗ ಏನಾದರೂ ಆಗಿತ್ತೇ.

"ಏನೂ ಆಗಿರಲಿಲ್ಲ ಡಾಕ್ಟ್ರೇ" ಎಂದು ದೊಡ್ಡಮ್ಮನೇ ಹೇಳಿದರು. "ವಾರ ವಾರ ತಿಂತಿದ್ಲು. ತೊಟ್ಟು ಸಮೇತ ಚೀಪೋವ್ಳು."

ಡಾಕ್ಟರು ಹೇಳಿದಳು: "ಹಳೇ ಕಾಗದ ಯಾವುದೂ ಇಲ್ಲ, ಹಾಗಾಗಿ ಖಂಡಿತ ಅಂತ ಹೇಳಲ್ಲ. ಆದ್ರೆ ಕೇಳಿದ್ರೆ ಅವತ್ತು ಆಗಿದ್ದು ಆ ಡೈ ಇಂಜೆಕ್ಷನ್‌ನಿಂದಾನೇ ಅನ್ನಿಸುತ್ತೆ. ಈಗಿನ ಔಷಧಿ ಆಗಿನದಕ್ಕಿಂತ ಎಷ್ಟೋ ಒಳ್ಳೇದು, ಇಂಥದ್ದು ಅಪರೂಪ. ಆದ್ರೂ ಒಂದು ಸಲ ಜೋರಾಗಿ ಆದವರಿಗೆ ಮತ್ತೆ ಆಗೋ ಭಯ ಜಾಸ್ತಿ. ಗೊತ್ತಿದ್ದೂ ಇವತ್ತು ಹಾಗೇ ಕೊಡಕ್ಕಾಗಲ್ಲ." ನಮ್ಮ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಡೈ ಇಲ್ಲದೆ ತೆಗೆದರೆ ಆ ನೆರಳು ಏನೆಂದು ತಿಳಿಯುವುದಿಲ್ಲ, ಎಂ.ಆರ್.ಐ. ಮಾಡೋಣವೆಂದರೆ ಅಮ್ಮನ ಪಕ್ಕೆ ನೋವಿಗೆ, ಮುಚ್ಚಿದ ಜಾಗದ ಭಯಕ್ಕೆ ಅಷ್ಟು ಹೊತ್ತು ಮಲಗುವುದು ಆಗದ ಮಾತು. ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ಹಿಂದಿನ ದಿನದಿಂದಲೇ ಅಲರ್ಜಿ ತಡೆಯುವ ಮಾತ್ರೆ ಕೊಡುವುದು, ಬೇರೆ ಥರದ ಡೈ ಬಳಸುವುದು, ಏನಾದರೂ ಆದರೆ ಬೇಕಾಗುವ ಔಷಧಿಯೆಲ್ಲಾ ಪಕ್ಕದಲ್ಲಿಟ್ಟುಕೊಂಡು ದೊಡ್ಡ ಆಸ್ಪತ್ರೆಯಲ್ಲೇ ಮಾಡುವುದು.

ಆಟೋದಲ್ಲಿ ವಾಪಸ್ ಬರುವಾಗ ಅಮ್ಮನ ಮುಖ ಗಂಟಾಗಿತ್ತು. ಹೊಟ್ಟೆ ಹಸಿದಿದ್ದೂ ದಂಡ, ನೆರಳಿನ ಚಿಂತೆಯೂ ಹಾಗೇ ಉಳಿಯಿತು ಎಂದು ಇರಬೇಕು ಎಂದುಕೊಂಡೆ. ಸ್ವಲ್ಪ ದೂರ ಬಂದ ಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, "ಏನೇ ಆದ್ರೂ ಬದನೆಕಾಯಿ ನಂಜೇ" ಎಂದಳು.

ದೊಡ್ಡಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಆಟೋ ಕುಲುಕಾಟದಲ್ಲಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟರು. ಅಮ್ಮ ಕುಡಿದಳು.

ಮತ್ತೆ ಹೋದ ದಿನ ನನ್ನ ಪ್ರಶ್ನೆಗಳೆಲ್ಲಾ ಎಲ್ಲೋ ಅಡಗಿದ್ದವು. ಈ ಸಲ ಅಮ್ಮ ನೀರು ಕುಡಿದಿದ್ದಳು, ಬರೆದುಕೊಟ್ಟ ಮಾತ್ರೆ ನುಂಗಿದ್ದಳು. ಸರ ಬಿಚ್ಚಿಸಿದರು. ಹೊಟ್ಟೆಯ ಮೇಲೆ ಲೋಹ ಇದ್ದರೆ ಚಿತ್ರ ಕೆಡುತ್ತದೆ ಎಂದು ಲಂಗದ ಲಾಡಿಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನುಗಳನ್ನೂ ಬಿಚ್ಚಿಸಿದರು. ಒಂದು ಹಿಡಿ ಪಿನ್ನು ನನ್ನ ಕೈಗೆ ಬಂತು. "ಜೋಪಾನ, ಎಲ್ಲಾ ಒಳ್ಳೇ ಕಾಲದ ಪಿನ್ನು" ಎಂದು ಹೇಳಿ ಒಳಗೆ ಹೋದಳು. ನಾನು, ದೊಡ್ಡಮ್ಮ ಬಾಗಿಲ ಹೊರಗೆ ಕೂತೆವು. ದೊಡ್ಡಮ್ಮನ ತುಟಿ ಅಲುಗುತ್ತಿತ್ತು, ಯಾವ ದೇವರನ್ನು ಹಿಡಿದುಕೊಂಡಿದ್ದರೋ. ನಾನು ಪಿನ್ನುಗಳನ್ನು ಒಂದಕ್ಕೊಂದು ಪೋಣಿಸುತ್ತಾ ಕೂತೆ. ಎರಡು ಸಲ ಚುಚ್ಚಿಕೊಂಡೆ.

ಅಷ್ಟು ಹೊತ್ತಿನ ಭಯಕ್ಕೆ ಅಷ್ಟು ಚಿಕ್ಕ ಕೆಲಸ. ನರ್ಸ್ ಬಾಗಿಲು ತೆಗೆದು, "ಆಯ್ತು, ಏನೂ ಆಗಿಲ್ಲ" ಎಂದಾಗ ದೊಡ್ಡಮ್ಮ ನನ್ನ ತೊಡೆಯ ಮೇಲೆ ಜೋರಾಗಿ ಹೊಡೆದರು. ಸಂತೋಷಕ್ಕೆ.

ಕೈಯಲ್ಲಿ ಸೂಜಿ ಇರುವಂತೆಯೇ ಅಮ್ಮನನ್ನು ಇನ್ನೂ ಸ್ವಲ್ಪ ಹೊತ್ತು ಕೂರಿಸಿದರು, ಕೆರೆತ ಏನಾದರೂ ಬರುತ್ತದೆಯೇ ನೋಡುವುದಕ್ಕೆ. ನನ್ನ ಪ್ರಶ್ನೆಗಳು ವಾಪಸ್ ಬಂದವು. ಹೇಗಿತ್ತು? ಸದ್ದು ಇತ್ತೇ? ಭಯವಾಯಿತೇ?

"ಗಿರ್ ಅಂತ ಸದ್ದು. ಕೈ ಎರಡೂ ತಲೆ ಮೇಲೆ ಇಟ್ಕೊಂಡು ಮಲಗು ಅಂದ್ರು. ಒಳಗಿಂದ ಯಾವಳೋ ಹೆಂಗಸಿನ ದನಿ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ ಅಂತು. ಹಿಡ್ಕೊಂಡೆ. ಬಿಡಿ ಅನ್ನೋದನ್ನ ಮರೆತ್ಬಿಟ್ರೆ ಏನ್ ಗತಿ ಅಂತ ಯೋಚಿಸ್ತಿದ್ದೆ, ಅಷ್ಟರಲ್ಲಿ ಅಂದ್ಳು." ದೊಡ್ಡಮ್ಮನ ಕಡೆ ನೋಡದೆ ಹೇಳಿದಳು: "ಆಮೇಲೆ ಗಂಟಲು ಬಿಸಿಯಾಯ್ತು, ಬಟ್ಟೆ ಒದ್ದೆಯಾದ ಹಾಗಾಯ್ತು. ಅವತ್ತಿನದೇ. ಅಚ್ಚು ಅದೇ."

ರಿಪೋರ್ಟ್ ನಾಳೆ ಎಂದರು. ಮನೆಗೆ ಹೋದ ಮೇಲೆ ಚೆನ್ನಾಗಿ ನೀರು ಕುಡಿಸಿ, ದದ್ದು ಕೆಲವೊಮ್ಮೆ ತಡವಾಗಿಯೂ ಬರಬಹುದು, ಬಂದರೆ ಫೋನ್ ಮಾಡಿ ಎಂದು ಹೇಳಿ ಕಳಿಸಿದರು. ಆಟೋ ದೇವರಾಜ ಮಾರ್ಕೆಟ್ಟಿನ ಹತ್ತಿರ ಬಂದಾಗ ಅಮ್ಮ ಇದ್ದಕ್ಕಿದ್ದ ಹಾಗೆ, "ನಿಲ್ಲಿಸಪ್ಪ" ಎಂದಳು. ರಸ್ತೆ ಬದಿ ಒಬ್ಬಾಕೆ ಗೋಣಿಚೀಲದ ಮೇಲೆ ಈರನಗೆರೆ ಬದನೆಕಾಯಿ ಗುಡ್ಡೆ ಹಾಕಿಕೊಂಡಿದ್ದಳು. ಹಸಿರು ಮೈ, ಎಳೇ ತೊಟ್ಟು, ಆಗ ತಾನೇ ಕಿತ್ತ ಹಾಗಿದ್ದವು.

"ಅಕ್ಕ, ಇವತ್ತು ನಿಮ್ಮನೇಲಿ ಎಣ್ಣೆಗಾಯಿ ಮಾಡಿ. ನಾನು ಊಟಕ್ಕೆ ಬರ್ತೀನಿ."

ದೊಡ್ಡಮ್ಮ ಅವಳನ್ನೇ ನೋಡಿದರು. ಕಣ್ಣು ತುಂಬಿತ್ತು. ಆದರೆ ಅವರ ಬುದ್ಧಿ ನೋಡಿ, ನನ್ನ ಗಣಿತವೆಲ್ಲಾ ಅದರ ಮುಂದೆ ನೀರು. "ಇವತ್ತು ಸುತರಾಂ ಇಲ್ಲ! ಆ ಡಾಕ್ಟ್ರು ಏನಂದ್ರು? ದದ್ದು ತಡವಾಗೂ ಬರಬಹುದು ಅಂದ್ರು. ನೀನು ಇವತ್ತು ನನ್ನ ಕೈಯಿಂದ ತಿಂದು, ರಾತ್ರಿ ಕೆರೆತ ಬಂದ್ರೆ ಮತ್ತೆ ನನ್ನ ಎಣ್ಣೆಗಾಯಿ ತಲೆ ಮೇಲೇ ಬರುತ್ತೆ. ಒಂದು ಸಲ ಅನುಭವಿಸಿದ್ದು ಸಾಕು ತಾಯಿ. ನಾಳೆ ಬಾ."

"ನಾಳೆ ರಿಪೋರ್ಟು" ಎಂದಳು ಅಮ್ಮ ಮೆಲ್ಲಗೆ.

"ಬರಲಿ. ರಿಪೋರ್ಟಿಗೂ ಎರಡು ತುತ್ತು ಹಾಕೋಣ."

ಬದನೆಕಾಯಿ ಕೊಂಡೆವು. ಅಮ್ಮನೇ ಒಂದೊಂದನ್ನೂ ತಿರುಗಿಸಿ ನೋಡಿ, ತೂತು ಇಲ್ಲದ್ದನ್ನು ಆರಿಸಿದಳು.

ರಾತ್ರಿ ದದ್ದು ಬರಲಿಲ್ಲ. ಬೆಳಗ್ಗೆ ಅಮ್ಮನನ್ನು ಜಯಲಕ್ಷ್ಮಿಪುರಂನಲ್ಲಿ ಇಳಿಸಿ ನಾನು ರಿಪೋರ್ಟಿಗೆ ಹೋದೆ. ಲಕೋಟೆ ಒಡೆದು ಓದಿದೆ, ಅರ್ಥವಾಗಲಿಲ್ಲ. ಅರ್ಥವಾಗದ ಇಂಗ್ಲಿಷ್ ಮಾತುಗಳೆಲ್ಲಾ ಕೆಟ್ಟವೇ ಎನ್ನಿಸಿದವು. ಡಾಕ್ಟರ ಬಾಗಿಲಲ್ಲಿ ನನ್ನ ಸರದಿ ಬರುವುದರೊಳಗೆ ನಾನು ಏನೇನು ಕಲ್ಪಿಸಿಕೊಂಡೆ ಎಂದು ಹೇಳಿದರೆ ನೀವು ನಗುತ್ತೀರಿ. ಅವರು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಮೇಲೆ ಕೆಳಗೆ ಓಡಿಸಿ ನೋಡಿ ಹೇಳಿದರು. ನಾನು ಮತ್ತೊಂದು ಸಲ ಕೇಳಿದೆ. ಅವರು ಮತ್ತೊಂದು ಸಲ ಹೇಳಿದರು. ಅಮ್ಮನಿಗೆ ಆಗಿದ್ದ ಡೈ ಅಲರ್ಜಿಯನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಇನ್ನು ಮುಂದೆ ಯಾವ ಆಸ್ಪತ್ರೆಗೆ ಹೋದರೂ ಇದನ್ನು ಮೊದಲು ಹೇಳಿ ಎಂದರು.

ದೊಡ್ಡಮ್ಮನ ಮನೆ ಗೇಟು ತೆಗೆಯುವಾಗಲೇ ವಾಸನೆ ಬಂತು. ಹುರಿದ ಕಡಲೇಕಾಯಿ ಬೀಜ, ಎಳ್ಳು, ಕೊಬ್ಬರಿ, ಚಕ್ಕೆ, ಎಣ್ಣೆಯಲ್ಲಿ ಬಾಡುತ್ತಿರುವ ಬದನೆಕಾಯಿ. ಒಳಗೆ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ಸೊಸೆ ಪಕ್ಕದಲ್ಲಿ ನಿಂತಿದ್ದಳು. ಅವಳು ನನ್ನ ಕಿವಿಯಲ್ಲಿ ಹೇಳಿದಳು: "ಅತ್ತೆ ಎಣ್ಣೆಗಾಯಿ ಮಾಡಿದ್ದು ನಾನು ಮದುವೆಯಾಗಿ ಬಂದ ಮೇಲೆ ಇದೇ ಮೊದಲು ಕಣ್ರೀ ಅಕ್ಕ. ಕೇಳಿದಾಗೆಲ್ಲಾ ಕೈ ಮರೆತೋಯ್ತು ಅನ್ನೋರು." ಒಂದು ಊದಿದ ಮುಖಕ್ಕೆ ಎರಡು ಮನೆಗಳಲ್ಲಿ ಬದನೆಕಾಯಿ ನಿಂತುಹೋಗಿತ್ತು, ನಮಗೆ ನಮ್ಮ ಮನೆಯದು ಮಾತ್ರ ಗೊತ್ತಿತ್ತು.

ಅಮ್ಮ ಆಗಲೇ ಊಟಕ್ಕೆ ಕೂತಿದ್ದಳು. ಎಲೆ ಮುಂದಿತ್ತು. ನನ್ನ ಕೈಯ ಲಕೋಟೆ ನೋಡಿದ ತಕ್ಷಣ ಅಂಗೈ ಎತ್ತಿ ತಡೆದಳು.

"ಅಮ್ಮ, ಕೇಳು..."

"ಬಾಯಿ ಮುಚ್ಕೊಂಡು ಕೂತ್ಕೋ. ಹೇಳಿದ್ನಲ್ಲ, ಮೊದಲು ಊಟ."

ನನ್ನಂಥವಳಿಗೆ ಬಾಯಿಯಲ್ಲಿ ಮಾತು ಇಟ್ಟುಕೊಂಡು ಸುಮ್ಮನೆ ಕೂರುವುದು ಎಂದರೆ ಏನು ಶಿಕ್ಷೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಕೂತೆ. ದೊಡ್ಡಮ್ಮ ನನ್ನ ಮುಖವನ್ನು ಓದಲು ನೋಡಿದರು. ನಾನು ಬೇಕೆಂದೇ ತಲೆ ತಗ್ಗಿಸಿದೆ. ಅವರು ಒಂದು ಎಣ್ಣೆಗಾಯಿಯನ್ನು ತೊಟ್ಟು ಹಿಡಿದು ಎತ್ತಿ, ಮುರಿಯದ ಹಾಗೆ ಅಮ್ಮನ ಎಲೆಗೆ ಇಳಿಸಿದರು.

ಅಮ್ಮ ಅನ್ನದಲ್ಲಿ ಕಲಸಿದಳು. ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ಆಮೇಲೆ ತೊಟ್ಟನ್ನು ಎತ್ತಿ, ಚಿಕ್ಕ ಹುಡುಗಿಯ ಹಾಗೆ ಚೀಪಿ, ಎಲೆಯ ಪಕ್ಕಕ್ಕಿಟ್ಟಳು.

"ಅವತ್ತೂ ಹೀಗೇ ಇತ್ತು ಕಣಕ್ಕ" ಎಂದಳು. "ಇಷ್ಟೇ ಚೆನ್ನಾಗಿತ್ತು. ನಂಗೆ ಗೊತ್ತಿತ್ತು."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಸೊಸೆ ಒಲೆ ಆರಿಸಿದಳು. ಅಮ್ಮ ಎಡಗೈಯಲ್ಲಿ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು, ನನ್ನ ಕಡೆ ನೋಡಿದಳು.

"ಈಗ ಹೇಳು. ಏನಂತೆ?"

"ಬರೀ ನೀರುಗುಳ್ಳೆಯಂತಮ್ಮ. ಏನೂ ಇಲ್ಲ. ಅದರ ಪಾಡಿಗೆ ಇರಲಿ, ಮುಟ್ಟೋದೇ ಬೇಡ ಅಂದ್ರು."

ಅಮ್ಮ ಎಲೆಯನ್ನು ಮುಂದಕ್ಕೆ ತಳ್ಳಿದಳು.

"ಹಾಗಾದ್ರೆ ಇನ್ನೊಂದು ಹಾಕಿ ಅಕ್ಕ."